ಮನೆಯ ದೀಪ ಮತ್ತು ಅದರ ಡ್ರೈವರ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

(ವಿದ್ಯಾರ್ಥಿಗಳಿಗೂ ಪೋಷಕರಿಗೂ ಏರ್ಪಡಿಸಿದ್ದ ತಾಂತ್ರಿಕ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮನೆ ಕಟ್ಟಿಸುವಾಗ ನಾವು ನೆಲದ ಟೈಲ್ಸ್‌ಗಾಗಿ ನಾಲ್ಕು ಅಂಗಡಿ ಸುತ್ತುತ್ತೇವೆ. ಬಾಗಿಲಿನ ಮರ ಹಲಸೋ ತೇಗವೋ ಎಂದು ವಾರಗಟ್ಟಲೆ ಚರ್ಚಿಸುತ್ತೇವೆ. ಗೋಡೆಯ ಬಣ್ಣಕ್ಕೆ ಮನೆಮಂದಿಯೆಲ್ಲ ಅಭಿಪ್ರಾಯ ಹೇಳುತ್ತಾರೆ. ಆದರೆ ರಾತ್ರಿ ಹೊತ್ತು ಆ ನೆಲವನ್ನೂ ಗೋಡೆಯನ್ನೂ ನಮಗೆ ತೋರಿಸುವ ದೀಪದ ಮಾತು ಬಂದಾಗ "ಯಾವುದಾದರೂ ಒಳ್ಳೆಯದು ಹಾಕಿಬಿಡಿ" ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿ ಸುಮ್ಮನಾಗುತ್ತೇವೆ. ದೀಪದ ಹಿಂದೆ, ಫಾಲ್ಸ್ ಸೀಲಿಂಗ್‌ನ ಮೇಲೆ ಅಡಗಿ ಕುಳಿತಿರುವ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆಯ ಬಗ್ಗೆ ಕೇಳಿ ತಿಳಿದುಕೊಂಡವರಂತೂ ವಿರಳ. ಇಂದಿನ ನನ್ನ ಮಾತು ಆ ಪೆಟ್ಟಿಗೆಯ ಕುರಿತು. ಅದರಲ್ಲೂ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಬರುವ ಡ್ರೈವರ್‌ಗಳ ಕುರಿತು.

ಇದು ಸಿರಿವಂತರ ಸೊಗಸಿನ ವಿಷಯವಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಯೋಚಿಸಿ ನೋಡಿ. ನಮ್ಮ ಅಜ್ಜಿಯರ ಕಾಲದಲ್ಲಿ ಲಾಟೀನು ಇತ್ತು. ಅದರ ಪಕ್ಕದಲ್ಲೊಂದು ತಿರುಪು. ಮಕ್ಕಳು ಓದುವಾಗ ಬತ್ತಿಯನ್ನು ಏರಿಸುತ್ತಿದ್ದರು, ಮಲಗುವ ಹೊತ್ತಿಗೆ ಇಳಿಸುತ್ತಿದ್ದರು. ವಿದ್ಯುತ್ ದೀಪ ಬಂದ ಮೇಲೆ ಆ ತಿರುಪು ಹೋಯಿತು. ಒಂದೋ ಪೂರ್ಣ ಬೆಳಕು, ಇಲ್ಲವೇ ಪೂರ್ಣ ಕತ್ತಲೆ. ಅದಕ್ಕಾಗಿಯೇ ಮಲಗುವ ಕೋಣೆಗೆ ಬೇರೊಂದು 'ಜೀರೋ ಬಲ್ಬ್' ಹಾಕಿಕೊಂಡೆವು. ಹೆಸರು ಜೀರೋ ಆದರೂ ಆ ಹಳೆಯ ಬಲ್ಬು ಸುಮಾರು 15 ವ್ಯಾಟ್ ವಿದ್ಯುತ್ ತಿನ್ನುತ್ತಿತ್ತು ಎಂಬುದು ಬೇರೆ ಮಾತು!

ಒಂದೇ ಮನೆಯಲ್ಲಿ ಮೂರು ತಲೆಮಾರು ವಾಸಿಸುತ್ತದೆ. ಅರುವತ್ತು ವರ್ಷದವರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಹೀಗಾಗಿ ಅಜ್ಜನಿಗೆ ಪತ್ರಿಕೆ ಓದಲು ಮೊಮ್ಮಗನಿಗಿಂತ ಹೆಚ್ಚು ಬೆಳಕು ಬೇಕು. ಅದೇ ಅಜ್ಜ ರಾತ್ರಿ ಎರಡು ಗಂಟೆಗೆ ಎದ್ದಾಗ ಕಣ್ಣು ಕುಕ್ಕುವ ಬೆಳಕು ಬೇಡ. ಹಸುಗೂಸಿಗೆ ಹಾಲುಣಿಸುವ ತಾಯಿಗೆ ಬೇಕಾದುದು ಮಂದ ಬೆಳಕು. ಸಹರಿಗೆಂದು ನಸುಕಿನಲ್ಲಿ ಏಳುವ ಮನೆಯಲ್ಲಿ ಮಲಗಿರುವ ಮಕ್ಕಳ ನಿದ್ದೆ ಕೆಡದಷ್ಟು ಬೆಳಕು ಸಾಕು. ಒಂದೇ ದೀಪ ಇವರೆಲ್ಲರಿಗೂ ಒದಗಬೇಕಾದರೆ ಆ ಹಳೆಯ ತಿರುಪನ್ನು ಮರಳಿ ತರಬೇಕಾಗುತ್ತದೆ. ಇಂದು ಅದನ್ನು ಡಿಮ್ಮರ್ ಎನ್ನುತ್ತೇವೆ.

ಎಲ್.ಇ.ಡಿ.ಗೆ ಡ್ರೈವರ್ ಏಕೆ ಬೇಕು?

ಬೆಳ್ಳಗಿನ ಎಲ್.ಇ.ಡಿ. ದೀಪ ಸಾಧ್ಯವಾದುದು ನೀಲಿ ಬೆಳಕಿನ ಎಲ್.ಇ.ಡಿ.ಯಿಂದ. ಅದನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಮರುವರ್ಷವೇ, ಅಂದರೆ 2015ರಲ್ಲಿ, ನಮ್ಮ ದೇಶದಲ್ಲಿ ಉಜಾಲಾ ಯೋಜನೆ ಆರಂಭವಾಗಿ, ಮುಂದಿನ ವರ್ಷಗಳಲ್ಲಿ 36 ಕೋಟಿಗೂ ಹೆಚ್ಚು ಎಲ್.ಇ.ಡಿ. ಬಲ್ಬುಗಳು ಮನೆಮನೆಗೆ ತಲುಪಿದವು. ನಮ್ಮ ರಾಜ್ಯದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಹಳೆಯ ಬುರುಡೆ ಬಲ್ಬಿನಲ್ಲಿ ಇದ್ದುದು ಟಂಗ್‌ಸ್ಟನ್ ತಂತಿ. 230 ವೋಲ್ಟ್ ವಿದ್ಯುತ್ತನ್ನು ನೇರವಾಗಿ ಕೊಟ್ಟರೆ ಅದು ಕಾದು ಬೆಳಗುತ್ತಿತ್ತು. ಎಲ್.ಇ.ಡಿ. ಹಾಗಲ್ಲ. ಒಂದು ಬಿಳಿ ಎಲ್.ಇ.ಡಿ. ಕಣಕ್ಕೆ ಬೇಕಾದುದು ಸುಮಾರು 3 ವೋಲ್ಟ್ ಮಾತ್ರ, ಅದೂ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್. ಇನ್ನೂ ಒಂದು ವಿಶೇಷವಿದೆ. ಈ ವೋಲ್ಟೇಜ್ ತುಸು ಏರಿದರೂ ಒಳಗೆ ಹರಿಯುವ ಕರೆಂಟ್ ಬಹಳಷ್ಟು ಏರಿಬಿಡುತ್ತದೆ. ಕರೆಂಟ್ ಏರಿದರೆ ಬಿಸಿ, ಬಿಸಿಯಾದರೆ ಮತ್ತೂ ಹೆಚ್ಚು ಕರೆಂಟ್. ಕೊನೆಗೆ ದೀಪ ಸುಟ್ಟು ಹೋಗುತ್ತದೆ. ಆದ್ದರಿಂದ 230 ವೋಲ್ಟ್‌ನ ಏರಿಳಿತದ ವಿದ್ಯುತ್ತನ್ನು ಪಡೆದು, ದೀಪಕ್ಕೆ ಬೇಕಾದಷ್ಟನ್ನೇ ಅಳೆದು ಕೊಡುವ ಒಂದು ಸಾಧನ ಬೇಕು. ಅದೇ ಡ್ರೈವರ್. ಟ್ಯೂಬ್ ಲೈಟಿಗೆ ಚೋಕ್ ಇದ್ದಂತೆ ಎಲ್.ಇ.ಡಿ.ಗೆ ಡ್ರೈವರ್ ಎಂದುಕೊಳ್ಳಿ. ಬಲ್ಬಿನಲ್ಲಿ ಅದು ಒಳಗೇ ಇರುತ್ತದೆ. ಸೀಲಿಂಗ್ ದೀಪಗಳಲ್ಲಿ ಮತ್ತು ಪಟ್ಟಿ ದೀಪಗಳಲ್ಲಿ ಸಾಮಾನ್ಯವಾಗಿ ಹೊರಗೆ ಪ್ರತ್ಯೇಕವಾಗಿ ಇರುತ್ತದೆ.

ಎಲ್.ಇ.ಡಿ. ದೀಪ ಹಾಳಾಯಿತು ಎಂದು ನಾವು ಹೇಳುವಾಗ ಅನೇಕ ವೇಳೆ ಹಾಳಾಗಿರುವುದು ಈ ಡ್ರೈವರ್. ಬೆಳಕಿನ ಕಣಗಳು ಇನ್ನೂ ಚೆನ್ನಾಗಿಯೇ ಇರುತ್ತವೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಹಳೆಯ ರೆಗ್ಯುಲೇಟರ್, ಹೊಸ ದೀಪ

ಬೆಳಕು ಕಡಿಮೆ ಮಾಡಬೇಕೆಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ, ಸ್ವಿಚ್ ಬೋರ್ಡಿನಲ್ಲಿ ಒಂದು ಡಿಮ್ಮರ್ ಕೂರಿಸುವುದು. ಕೆಲವರು ಫ್ಯಾನಿನ ರೆಗ್ಯುಲೇಟರನ್ನೇ ದೀಪಕ್ಕೆ ಜೋಡಿಸುತ್ತಾರೆ. ಫ್ಯಾನಿನ ರೆಗ್ಯುಲೇಟರನ್ನು ಎಲ್.ಇ.ಡಿ.ಗೆ ಎಂದಿಗೂ ಜೋಡಿಸಬೇಡಿ. ಅದು ತಯಾರಾದದ್ದು ಮೋಟರಿಗಾಗಿ.

ಇನ್ನು ಹಳೆಯ ದೀಪದ ಡಿಮ್ಮರ್. ಇದರೊಳಗೆ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇದೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಅಲೆಗಳಾಗಿ ಬರುತ್ತದೆ. ಒಂದೊಂದು ಅಲೆಗೂ ಎರಡು ಅರ್ಧಗಳಿರುವುದರಿಂದ ಸೆಕೆಂಡಿಗೆ 100 ಅರ್ಧ ಅಲೆಗಳಾಗುತ್ತವೆ. ಟ್ರಯಾಕ್ ಪ್ರತಿಯೊಂದು ಅರ್ಧ ಅಲೆಯ ಮುಂಭಾಗವನ್ನು ಕತ್ತರಿಸಿ ಉಳಿದುದನ್ನಷ್ಟೇ ಬಿಡುತ್ತದೆ. ಬುರುಡೆ ಬಲ್ಬಿಗೆ ಇದರಿಂದ ತೊಂದರೆಯಿಲ್ಲ. ಕಾದ ತಂತಿ ಅಷ್ಟು ಬೇಗ ತಣ್ಣಗಾಗುವುದಿಲ್ಲವಾದ್ದರಿಂದ ಬೆಳಕು ಒಂದೇ ಸಮನೆ ಮಂದವಾಗುತ್ತದೆ. ಎಲ್.ಇ.ಡಿ. ಡ್ರೈವರ್ ಮಾತ್ರ ಈ ಕತ್ತರಿಸಿದ ಅಲೆಯನ್ನು ಅರ್ಥ ಮಾಡಿಕೊಳ್ಳುವಂತೆ ತಯಾರಾಗಿರಬೇಕು. ತಯಾರಾಗಿಲ್ಲದಿದ್ದರೆ ದೀಪ ಮಿನುಗುತ್ತದೆ, ಗುಂಯ್‌ಗುಡುತ್ತದೆ, ಕೆಲವೇ ತಿಂಗಳಲ್ಲಿ ಕೆಟ್ಟು ಹೋಗುತ್ತದೆ. ಪೆಟ್ಟಿಗೆಯ ಮೇಲೆ 'ಡಿಮ್ಮಬಲ್' ಎಂದು ಬರೆದಿರದ ಯಾವುದೇ ಬಲ್ಬನ್ನು ಡಿಮ್ಮರ್‌ಗೆ ಹಾಕಬಾರದು. ಮನೆಗಳಲ್ಲಿ ಇರುವ ಸಾಧಾರಣ 9 ವ್ಯಾಟ್ ಬಲ್ಬುಗಳು ಬಹುಪಾಲು ಈ ವರ್ಗಕ್ಕೇ ಸೇರಿದವು.

ಡಿಮ್ಮಬಲ್ ಡ್ರೈವರ್ ಕೊಂಡರೂ ತೊಂದರೆ ಮುಗಿಯದಿರಬಹುದು. ಟ್ರಯಾಕ್ ಕೆಲಸ ಮಾಡಲು ಕನಿಷ್ಠ ಒಂದು ಪ್ರಮಾಣದ ಹೊರೆ ಬೇಕು. ಹಳೆಯ ಡಿಮ್ಮರ್ ಮೇಲೆ '40ರಿಂದ 400 ವ್ಯಾಟ್' ಎಂದು ಇರುತ್ತದೆ ಎನ್ನೋಣ. ಅಂದು 60 ವ್ಯಾಟ್‌ನ ಒಂದೇ ಬಲ್ಬು ಹಾಕಿದರೂ ಸಾಕಿತ್ತು. ಇಂದು 8 ವ್ಯಾಟ್‌ನ ಮೂರು ದೀಪ ಹಾಕಿದರೆ ಒಟ್ಟು ಹೊರೆ 24 ವ್ಯಾಟ್ ಮಾತ್ರ. ಟ್ರಯಾಕ್ ಹಿಡಿತ ತಪ್ಪುತ್ತದೆ. ದೀಪ ಮಿಣಿಮಿಣಿ ಎನ್ನುತ್ತದೆ. ಹಾಗೆಂದು 400 ವ್ಯಾಟ್ ತುಂಬುವಷ್ಟು ಎಲ್.ಇ.ಡಿ. ದೀಪಗಳನ್ನು ಹಾಕಲೂ ಬರುವುದಿಲ್ಲ. ಡ್ರೈವರ್‌ಗಳು ಹೊತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತವೆ. ಅದಕ್ಕಾಗಿ ಒಳ್ಳೆಯ ಡಿಮ್ಮರ್‌ಗಳ ಮೇಲೆ ಎಲ್.ಇ.ಡಿ.ಗೆ ಪ್ರತ್ಯೇಕವಾಗಿ, ಬಹಳ ಕಡಿಮೆ ವ್ಯಾಟ್ ನಮೂದಿಸಿರುತ್ತಾರೆ. ಆ ಸಂಖ್ಯೆಯನ್ನೇ ನೋಡಿ.

ಅಲೆಯ ಹಿಂಭಾಗವನ್ನು ಕತ್ತರಿಸುವ ಇನ್ನೊಂದು ಬಗೆಯ ಡಿಮ್ಮರ್ ಇದೆ. ಇದನ್ನು ಟ್ರೇಲಿಂಗ್ ಎಡ್ಜ್ ಎನ್ನುತ್ತಾರೆ. ಮೊದಲಿನದು ಲೀಡಿಂಗ್ ಎಡ್ಜ್. ಹಿಂಭಾಗ ಕತ್ತರಿಸುವ ಡಿಮ್ಮರ್ ವಿದ್ಯುತ್ತನ್ನು ಥಟ್ಟನೆ ನುಗ್ಗಿಸದೆ ಮೆಲ್ಲನೆ ಏರಿಸುವುದರಿಂದ ಎಲ್.ಇ.ಡಿ. ಡ್ರೈವರ್‌ಗಳೊಂದಿಗೆ ಸಾಮಾನ್ಯವಾಗಿ ಶಾಂತವಾಗಿ ಕೆಲಸ ಮಾಡುತ್ತದೆ, ಸದ್ದೂ ಕಡಿಮೆ. ಇಂತಹ ಕೆಲವು ಡಿಮ್ಮರ್‌ಗಳಿಗೆ ನ್ಯೂಟ್ರಲ್ ತಂತಿ ಬೇಕು. ನಮ್ಮ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಸಾಕೆಟ್ ಕೂಡ ಇರುವುದು ರೂಢಿಯಾದ್ದರಿಂದ ಅನೇಕ ಕಡೆ ನ್ಯೂಟ್ರಲ್ ಬೋರ್ಡಿಗೇ ಬಂದಿರುತ್ತದೆ. ಇದು ನಮಗಿರುವ ಒಂದು ಅನುಕೂಲ.

ಮಂದ ಮಾಡುವ ಇತರ ವಿಧಾನಗಳು

ಅಲೆ ಕತ್ತರಿಸುವ ವಿಧಾನಕ್ಕೆ ಹೊಸ ತಂತಿ ಬೇಡ. ಆದ್ದರಿಂದ ಈಗಾಗಲೇ ಕಟ್ಟಿ ಮುಗಿದ ಮನೆಗೆ ಅದೇ ಸುಲಭ. ಹೊಸ ಮನೆ ಕಟ್ಟುವವರಿಗೆ ಬೇರೆ ದಾರಿಗಳೂ ಇವೆ.

ಒಂದು, 0-10 ವೋಲ್ಟ್ ಅಥವಾ 1-10 ವೋಲ್ಟ್ ವಿಧಾನ. ಇಲ್ಲಿ 230 ವೋಲ್ಟ್ ತಂತಿಯ ಜೊತೆಗೆ ಎರಡು ಸಣ್ಣ ನಿಯಂತ್ರಣ ತಂತಿಗಳು ಡ್ರೈವರ್‌ಗೆ ಹೋಗುತ್ತವೆ. ಅವುಗಳ ನಡುವಣ ವೋಲ್ಟೇಜ್ ಹತ್ತು ಇದ್ದರೆ ಪೂರ್ಣ ಬೆಳಕು, ಕಡಿಮೆಯಾದಂತೆ ಮಂದ. ಮಿನುಗಿನ ತೊಂದರೆ ಕಡಿಮೆ. ಆದರೆ 1-10 ವೋಲ್ಟ್ ಬಗೆಯಲ್ಲಿ ನಿಯಂತ್ರಣ ತಂತಿಯಿಂದ ದೀಪ ಪೂರ್ತಿ ಆರುವುದಿಲ್ಲ. ಬೇರೆ ಸ್ವಿಚ್ ಇರಲೇಬೇಕು.

ಎರಡು, ಡಾಲಿ. ಇದು ಡಿಜಿಟಲ್ ಸಂದೇಶದ ವಿಧಾನ. ಎರಡು ತಂತಿಯ ಒಂದು ಸಾಲಿನಲ್ಲಿ 64 ಡ್ರೈವರ್‌ಗಳಿಗೆ ಬೇರೆ ಬೇರೆ ವಿಳಾಸ ಕೊಡಬಹುದು. ದೊಡ್ಡ ಕಚೇರಿ, ಹೋಟೆಲು, ಆಸ್ಪತ್ರೆಗಳಿಗೆ ಇದು ತಕ್ಕುದು. ಸಾಮಾನ್ಯ ಮನೆಗೆ ಇಷ್ಟು ಬೇಕಾಗುವುದಿಲ್ಲ.

ಮೂರು, ನಿಸ್ತಂತು ವಿಧಾನ. ಡ್ರೈವರ್‌ನೊಳಗೇ ವೈ-ಫೈ, ಬ್ಲೂಟೂತ್ ಅಥವಾ ಝಿಗ್ಬೀ ಇರುತ್ತದೆ. ಮೊಬೈಲಿನಿಂದ ಬೆಳಕು ಏರಿಳಿಸಬಹುದು. ಆದರೆ ಮನೆಯ ಹಿರಿಯರು ಮೊಬೈಲ್ ಹುಡುಕಿ ದೀಪ ಹಾಕುವಂತಾಗಬಾರದು. ಗೋಡೆಯ ಮೇಲೆ ಕೈಗೆ ಸಿಗುವ ಒಂದು ಗುಂಡಿ ಇದ್ದರೆ ಮಾತ್ರ ಇದನ್ನು ಆರಿಸಿ.

ಡ್ರೈವರ್ ಆಯ್ಕೆಯ ಲೆಕ್ಕಾಚಾರ

ಡ್ರೈವರ್‌ಗಳಲ್ಲಿ ಎರಡು ಜಾತಿ. ಒಂದು ಕರೆಂಟನ್ನು ಸ್ಥಿರವಾಗಿಡುತ್ತದೆ, ಇನ್ನೊಂದು ವೋಲ್ಟೇಜನ್ನು ಸ್ಥಿರವಾಗಿಡುತ್ತದೆ. ಇವೆರಡನ್ನೂ ಅದಲು ಬದಲು ಮಾಡುವಂತಿಲ್ಲ.

ಸೀಲಿಂಗ್‌ನಲ್ಲಿ ಕೂರಿಸುವ ದುಂಡು ಅಥವಾ ಚೌಕದ ದೀಪಗಳಿಗೆ ಸಾಮಾನ್ಯವಾಗಿ ಸ್ಥಿರ ಕರೆಂಟಿನ ಡ್ರೈವರ್ ಬೇಕು. ಉದಾಹರಣೆಗೆ, ದೀಪದ ಹಿಂದೆ '300 ಮಿಲಿ ಆಂಪಿಯರ್, 36 ವೋಲ್ಟ್' ಎಂದಿದೆ ಎಂದುಕೊಳ್ಳಿ. ಇದು 10.8 ವ್ಯಾಟ್ ದೀಪ. ಇದಕ್ಕೆ ತರುವ ಡ್ರೈವರ್ ಮೇಲೆ 300 ಮಿಲಿ ಆಂಪಿಯರ್ ಎಂದೇ ಇರಬೇಕು. ಜೊತೆಗೆ ಅದರ ವೋಲ್ಟೇಜ್ ವ್ಯಾಪ್ತಿಯೊಳಗೆ, ಉದಾಹರಣೆಗೆ '27-42 ವೋಲ್ಟ್' ಎಂಬುದರೊಳಗೆ, ನಮ್ಮ 36 ಬರಬೇಕು. ಅಂಗಡಿಯವರು "350ರದ್ದು ಇದೆ, ನಡೆಯುತ್ತದೆ" ಎಂದು ಕೊಟ್ಟರೆ ದೀಪ ಹೊತ್ತುತ್ತದೆ, ಬೆಳಕೂ ಜಾಸ್ತಿ ಕಾಣುತ್ತದೆ. ಆದರೆ ನೂರಕ್ಕೆ ಹದಿನೇಳರಷ್ಟು ಹೆಚ್ಚು ಕರೆಂಟ್ ದಿನವೂ ಹರಿದು ದೀಪದ ಆಯುಷ್ಯ ಕುಗ್ಗುತ್ತದೆ. ವ್ಯಾಟ್ ಒಂದನ್ನೇ ನೋಡಿ ಡ್ರೈವರ್ ಕೊಳ್ಳುವವರು ಎಡವುವುದು ಇಲ್ಲಿಯೇ.

ಪಟ್ಟಿ ದೀಪಗಳಿಗೆ, ಅಂದರೆ ಸೀಲಿಂಗ್‌ನ ಅಂಚಿನಲ್ಲಿ, ಪುಸ್ತಕದ ಕಪಾಟಿನ ಕೆಳಗೆ ಅಂಟಿಸುವ ಸ್ಟ್ರಿಪ್‌ಗಳಿಗೆ, 12 ಅಥವಾ 24 ವೋಲ್ಟ್‌ನ ಸ್ಥಿರ ವೋಲ್ಟೇಜ್ ಡ್ರೈವರ್ ಬೇಕು. ಲೆಕ್ಕ ಹೀಗೆ: ಮೀಟರಿಗೆ 10 ವ್ಯಾಟ್‌ನ ಪಟ್ಟಿ 6 ಮೀಟರ್ ಇದ್ದರೆ ಒಟ್ಟು 60 ವ್ಯಾಟ್. ಡ್ರೈವರ್ ತನ್ನ ಶಕ್ತಿಯ ನೂರಕ್ಕೆ ಎಂಬತ್ತರಷ್ಟರಲ್ಲೇ ದುಡಿಯಲಿ ಎಂದು 60ನ್ನು 0.8ರಿಂದ ಭಾಗಿಸಿ. 75 ವ್ಯಾಟ್ ಬರುತ್ತದೆ. ಅಷ್ಟರದ್ದನ್ನೋ ಅದಕ್ಕಿಂತ ತುಸು ದೊಡ್ಡದನ್ನೋ ತನ್ನಿ.

12 ಮತ್ತು 24ರಲ್ಲಿ ಯಾವುದು ಲೇಸು? ಅದೇ 60 ವ್ಯಾಟ್‌ಗೆ 12 ವೋಲ್ಟ್‌ನಲ್ಲಿ 5 ಆಂಪಿಯರ್ ಹರಿಯಬೇಕು. 24ರಲ್ಲಿ ಎರಡೂವರೆ ಸಾಕು. ಅದೇ ತಂತಿಯಲ್ಲಿ ಆಗುವ ನಷ್ಟ 12 ವೋಲ್ಟ್‌ನಲ್ಲಿ ನಾಲ್ಕು ಪಟ್ಟು. ಪಟ್ಟಿಯ ಒಂದು ತುದಿ ಪ್ರಕಾಶಮಾನವಾಗಿದ್ದು ಇನ್ನೊಂದು ತುದಿ ಮಸುಕಾಗಿ ಕಾಣುವುದು ಇದರಿಂದಲೇ. ಉದ್ದದ ಪಟ್ಟಿಗೆ 24 ವೋಲ್ಟನ್ನೇ ಆರಿಸಿ.

ಮಕ್ಕಳ ಓದು ಮತ್ತು ಮಿನುಗು

ಪೋಷಕರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ಕಾದ ತಂತಿಯಂತೆ ಎಲ್.ಇ.ಡಿ.ಗೆ ಬಿಸಿಯನ್ನು ಹಿಡಿದಿಟ್ಟುಕೊಂಡು ಬೆಳಗುವ ಗುಣವಿಲ್ಲ. ಕರೆಂಟ್ ನಿಂತ ಕೂಡಲೇ ಬೆಳಕು ನಿಲ್ಲುತ್ತದೆ. ಅಗ್ಗದ ಡ್ರೈವರ್‌ನಲ್ಲಿ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಅದು ನಮ್ಮ ಅರಿವಿಗೆ ಬರದಿದ್ದರೂ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ತರುತ್ತದೆ. ಮೂರು ನಾಲ್ಕು ಗಂಟೆ ಕುಳಿತು ಓದುವ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮಕ್ಕಳ ಕೋಣೆಯಲ್ಲಿ ಇಂತಹ ದೀಪ ಇರಬಾರದು.

ಐ.ಇ.ಇ.ಇ. ಎಂಬ ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆ 2015ರಲ್ಲಿ ಈ ಬಗ್ಗೆ ಶಿಫಾರಸು ಪ್ರಕಟಿಸಿತು. ಅದರ ಸಂಖ್ಯೆ 1789. ಸೆಕೆಂಡಿಗೆ ನೂರು ಸಲದ ಮಿನುಗಾದರೆ ಏರಿಳಿತದ ಪ್ರಮಾಣ ನೂರಕ್ಕೆ 8ರ ಒಳಗಿದ್ದರೆ ಅಪಾಯ ಕಡಿಮೆ ಎಂದು ಅದು ಹೇಳುತ್ತದೆ. ಕೆಲವು ಡ್ರೈವರ್‌ಗಳು ದೀಪವನ್ನು ಅತಿ ವೇಗವಾಗಿ ಹೊತ್ತಿಸಿ ಆರಿಸಿ ಬೆಳಕನ್ನು ಮಂದ ಮಾಡುತ್ತವೆ. ಈ ವಿಧಾನಕ್ಕೆ ಪಿ.ಡಬ್ಲ್ಯು.ಎಂ. ಎಂದು ಹೆಸರು. ಅಂಥವುಗಳ ವೇಗ ಸೆಕೆಂಡಿಗೆ 1,250ಕ್ಕಿಂತ ಹೆಚ್ಚಿದ್ದರೆ ಅಪಾಯ ಕಡಿಮೆ. 3,000ಕ್ಕಿಂತ ಹೆಚ್ಚಿದ್ದರೆ ಚಿಂತೆಯೇ ಬೇಡ. ಒಳ್ಳೆಯ ತಯಾರಕರು ಈ ವೇಗವನ್ನು ಮಾಹಿತಿ ಹಾಳೆಯಲ್ಲಿ ಕೊಟ್ಟಿರುತ್ತಾರೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ದೀಪವನ್ನು ಅರ್ಧಕ್ಕೆ ಇಳಿಸಿ ಮೊಬೈಲ್ ಕ್ಯಾಮರಾದಲ್ಲಿ ನೋಡಿ. ಪರದೆಯ ಮೇಲೆ ದಪ್ಪನೆಯ ಕಪ್ಪು ಪಟ್ಟೆಗಳು ಓಡುತ್ತಿದ್ದರೆ ನಿಧಾನ ಗತಿಯ ಮಿನುಗು ಇದೆ ಎಂದರ್ಥ. ಬಹಳ ಸಣ್ಣ, ಒತ್ತೊತ್ತಾದ ಗೆರೆಗಳು ಕಂಡರೆ ವೇಗ ಹೆಚ್ಚಿರುವ ಡ್ರೈವರ್ ಇರಬಹುದು. ಅಷ್ಟಕ್ಕೇ ಅದನ್ನು ತಳ್ಳಿಹಾಕಬೇಕಿಲ್ಲ. ಪೂರ್ಣ ಬೆಳಕಿನಲ್ಲಿ ಸುಮ್ಮನಿರುವ ದೀಪ ಮಂದವಾದಾಗ ಮಿನುಗುವುದುಂಟು. ಆದ್ದರಿಂದ ಈ ಪರೀಕ್ಷೆಯನ್ನು ಪೂರ್ಣ, ಅರ್ಧ ಮತ್ತು ಅತಿ ಮಂದ ಎಂಬ ಮೂರು ಹಂತಗಳಲ್ಲೂ ಮಾಡಬೇಕು.

ಎಷ್ಟು ಮಂದವಾದರೆ ಮಂದ?

ಡ್ರೈವರ್ ಪೆಟ್ಟಿಗೆಯ ಮೇಲೆ 'ನೂರಕ್ಕೆ 10ರವರೆಗೆ ಇಳಿಯುತ್ತದೆ' ಎಂದಿರುತ್ತದೆ. ಹತ್ತನೇ ಒಂದು ಭಾಗ ಎಂದರೆ ಬಹಳ ಮಂದ ಎಂದು ನಮಗೆ ಅನಿಸುತ್ತದೆ. ಆದರೆ ಕಣ್ಣಿನ ಲೆಕ್ಕ ಬೇರೆ. ಕತ್ತಲಾದಂತೆ ಕಣ್ಣು ತನ್ನನ್ನು ತಾನೇ ಹಿಗ್ಗಿಸಿಕೊಂಡು ಸಿಕ್ಕ ಬೆಳಕನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಅಳತೆಯಲ್ಲಿ ನೂರಕ್ಕೆ 10 ಇರುವ ಬೆಳಕು ನಮಗೆ ನೂರಕ್ಕೆ 32ರಷ್ಟು ಎಂಬಂತೆ ಕಾಣುತ್ತದೆ. ನೂರಕ್ಕೆ 1ರಷ್ಟು ಇಳಿಸಿದರೆ ನಮಗೆ ಕಾಣುವುದು 10ರಷ್ಟು. ಹಾಲ್‌ಗೆ, ಊಟದ ಕೋಣೆಗೆ 10ರವರೆಗೆ ಇಳಿಯುವ ಡ್ರೈವರ್ ಸಾಕು. ಮಲಗುವ ಕೋಣೆಗೆ, ಬಾಣಂತಿ ಕೋಣೆಗೆ 1ರವರೆಗೆ ಇಳಿಯುವುದನ್ನು ಕೇಳಿ.

ಬುರುಡೆ ಬಲ್ಬು ಮಂದವಾದಾಗ ಕೆಂಪಗೆ, ಬೆಚ್ಚಗೆ ಕಾಣುತ್ತಿತ್ತು. ಎಲ್.ಇ.ಡಿ. ಮಂದವಾದರೂ ಬಣ್ಣ ಹಾಗೆಯೇ ಇರುತ್ತದೆ. 6500 ಕೆಲ್ವಿನ್‌ನ ಬೆಳ್ಳನೆಯ ದೀಪವನ್ನು ಮಂದ ಮಾಡಿದರೆ ಕೋಣೆ ಮೋಡ ಕವಿದಂತೆ ಕಾಣುತ್ತದೆ. ಮಂದ ಮಾಡಬೇಕೆಂದಿರುವ ದೀಪಗಳನ್ನು 2700 ಅಥವಾ 3000 ಕೆಲ್ವಿನ್‌ನಲ್ಲೇ ಕೊಳ್ಳುವುದು ವಾಸಿ.

ಬಿಸಿಲು, ಸಿಡಿಲು, ಇನ್ವರ್ಟರ್

ವಿದೇಶದ ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ ಮೂರು ಸಂಗತಿಗಳು ನಮ್ಮ ಮನೆಗಳಿಗೆ ಮುಖ್ಯ.

ಮೊದಲನೆಯದು ಬಿಸಿ. ಡ್ರೈವರ್‌ನೊಳಗೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಇರುತ್ತದೆ. ಅದರ ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಮೇಲಂತಸ್ತಿನ ಸ್ಲ್ಯಾಬಿಗೂ ಫಾಲ್ಸ್ ಸೀಲಿಂಗಿಗೂ ನಡುವಿನ ಜಾಗ ಇನ್ನೂ ಬಿಸಿ. ಡ್ರೈವರ್ ಮೈಮೇಲೆ 'ಟಿ.ಸಿ.' ಎಂಬ ಗುರುತಿನೊಂದಿಗೆ ಒಂದು ಉಷ್ಣತೆ ಬರೆದಿರುತ್ತದೆ. ಆ ಬಿಂದು ಅದಕ್ಕಿಂತ ಹೆಚ್ಚು ಬಿಸಿಯಾಗಬಾರದು. ಡ್ರೈವರನ್ನು ದೀಪದ ಬೆನ್ನ ಮೇಲೆ ಇಡದೆ, ಥರ್ಮೊಕೋಲ್‌ನಿಂದ ಮುಚ್ಚದೆ, ಗಾಳಿಯಾಡುವಂತೆ ಪಕ್ಕಕ್ಕೆ ಇಡಿ. ದೀಪದ ರಂಧ್ರದಿಂದ ಕೈ ಹಾಕಿ ಹೊರತೆಗೆಯಲು ಬರುವಂತಿರಲಿ. ಕರಾವಳಿಯ ತೇವಕ್ಕೆ, ಸಿಟೌಟ್ ಮತ್ತು ಸ್ನಾನದ ಕೋಣೆಗೆ ನೀರು ನುಗ್ಗದ ಐ.ಪಿ. 65 ಅಥವಾ 67 ದರ್ಜೆಯದು ಬೇಕು.

ಎರಡನೆಯದು ವೋಲ್ಟೇಜ್ ಏರಿಳಿತ ಮತ್ತು ಸಿಡಿಲು. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಎಷ್ಟೋ ಮನೆಗಳ ಡ್ರೈವರ್‌ಗಳು ಒಂದೇ ರಾತ್ರಿಯಲ್ಲಿ ಸುಡುತ್ತವೆ. ಮೂರು ಫೇಸ್ ಸಂಪರ್ಕದಲ್ಲಿ ನ್ಯೂಟ್ರಲ್ ಕಡಿದರೆ ಒಂದು ಫೇಸಿನಲ್ಲಿ 230ಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಬರಬಹುದು. '220-240' ಎಂದಷ್ಟೇ ಬರೆದಿರುವ ಡ್ರೈವರ್‌ಗಿಂತ ಹೆಚ್ಚು ವ್ಯಾಪ್ತಿಯ, ಸರ್ಜ್ ತಡೆಯುವ ಶಕ್ತಿಯನ್ನು ಕಿಲೋವೋಲ್ಟ್‌ನಲ್ಲಿ ನಮೂದಿಸಿರುವ ಡ್ರೈವರ್ ಲೇಸು. ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು.

ಮೂರನೆಯದು ಇನ್ವರ್ಟರ್. ಅಲೆ ಕತ್ತರಿಸುವ ಡಿಮ್ಮರ್ ನಂಬಿರುವುದು ದುಂಡನೆಯ ಸೈನ್ ಅಲೆಯನ್ನು. ಅಗ್ಗದ ಇನ್ವರ್ಟರ್‌ಗಳು ಕೊಡುವುದು ಚೌಕದ ಅಲೆ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದ ಕೂಡಲೇ ದೀಪಗಳು ಮಿನುಗಿ ಡಿಮ್ಮರ್ ಗುಂಯ್‌ಗುಡುವುದಕ್ಕೆ ಇದು ಕಾರಣ. ಡಿಮ್ಮರ್ ಇರುವ ದೀಪಗಳನ್ನು ಇನ್ವರ್ಟರ್ ಸಾಲಿಗೆ ಸೇರಿಸುವುದಾದರೆ ಇನ್ವರ್ಟರ್ ಸೈನ್ ಅಲೆಯದ್ದಾಗಿರಲಿ.

ಸುರಕ್ಷತೆಯ ಗುರುತುಗಳು

ಎಲ್.ಇ.ಡಿ. ಡ್ರೈವರ್‌ಗಳಿಗೆ ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇದೆ. ಮಾನಕದ ಸಂಖ್ಯೆ ಐ.ಎಸ್. 15885, ಭಾಗ 2, ವಿಭಾಗ 13. ಪೆಟ್ಟಿಗೆಯ ಮೇಲೆ ಈ ಸಂಖ್ಯೆಯೂ, ಇಂಗ್ಲಿಷಿನ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಇನ್ನೊಂದು ಮುಖ್ಯ ವಿಷಯ, ಐಸೊಲೇಷನ್. ಕೆಲವು ಡ್ರೈವರ್‌ಗಳಲ್ಲಿ 230 ವೋಲ್ಟ್ ಬದಿಗೂ ದೀಪದ ಬದಿಗೂ ನೇರ ಸಂಪರ್ಕವಿರುತ್ತದೆ. ಹೊರಗೆ 36 ವೋಲ್ಟ್ ಎಂದು ಬರೆದಿದ್ದರೂ ಆ ತಂತಿ ಮುಟ್ಟಿದರೆ ಶಾಕ್ ಹೊಡೆಯಬಹುದು. ಮಕ್ಕಳ ಕೈಗೆ ಎಟಕುವ ಕಪಾಟು, ಮಂಚದ ತಲೆಬದಿ, ಅಡುಗೆಮನೆಯ ಕಟ್ಟೆ ಇಲ್ಲೆಲ್ಲ 'ಎಸ್.ಇ.ಎಲ್.ವಿ.' ಎಂಬ ಗುರುತಿರುವ, ಐಸೊಲೇಷನ್ ಉಳ್ಳ ಡ್ರೈವರನ್ನೇ ಬಳಸಬೇಕು. ಇದರಲ್ಲಿ ಉಳಿತಾಯದ ಮಾತು ಬೇಡ.

ಎಲ್ಲ ಕಡೆಗೂ ಬೇಕೇ?

ಡಿಮ್ಮರ್‌ನಿಂದ ವಿದ್ಯುತ್ ಬಿಲ್ ಬಹಳ ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 10 ವ್ಯಾಟ್‌ನ ಎಂಟು ದೀಪಗಳು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 12 ಯೂನಿಟ್. ಸದಾ ಅರ್ಧ ಬೆಳಕಿನಲ್ಲೇ ಇಟ್ಟರೂ ಉಳಿಯುವುದು 6 ಯೂನಿಟ್‌ಗಿಂತ ಕಡಿಮೆ. ಆದ್ದರಿಂದ ಬಿಲ್ಲಿಗಾಗಿ ಡಿಮ್ಮರ್ ಹಾಕಬೇಡಿ. ಅಡುಗೆಮನೆ, ಮೆಟ್ಟಿಲು, ಶೌಚಾಲಯ, ಸ್ಟೋರ್ ಕೋಣೆಗಳಿಗೆ ಸಾಧಾರಣ ದೀಪವೇ ಸರಿ. ಹಾಲ್ ಮತ್ತು ಮಲಗುವ ಕೋಣೆಗಳಿಗಷ್ಟೇ ಡಿಮ್ಮರ್ ಇರಲಿ. ಅದಕ್ಕೂ ಹಣ ಸಾಲದಿದ್ದರೆ ಒಂದೇ ಕೋಣೆಯ ದೀಪಗಳನ್ನು ಎರಡು ಸ್ವಿಚ್‌ಗಳಿಗೆ ಹಂಚಿಬಿಡಿ: ಎರಡು ದೀಪ ಒಂದಕ್ಕೆ, ನಾಲ್ಕು ಇನ್ನೊಂದಕ್ಕೆ. ಖರ್ಚು ಒಂದು ಸ್ವಿಚ್ ಮತ್ತು ತುಸು ತಂತಿ ಮಾತ್ರ.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಇಷ್ಟನ್ನೂ ನೆನಪಿಡುವುದು ಕಷ್ಟವೆನಿಸಿದರೆ ಈ ಏಳು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ:

1. ದೀಪಕ್ಕೆ ಬೇಕಾದುದು ಸ್ಥಿರ ಕರೆಂಟೋ, ಸ್ಥಿರ ವೋಲ್ಟೇಜೋ? ಎಷ್ಟು?
2. ಡ್ರೈವರ್ ಯಾವ ವಿಧಾನದಿಂದ ಮಂದವಾಗುತ್ತದೆ? ನಮ್ಮ ಡಿಮ್ಮರ್ ಅದೇ ವಿಧಾನದ್ದೇ?
3. ಡಿಮ್ಮರ್‌ನ ಕನಿಷ್ಠ ಹೊರೆ ಎಷ್ಟು? ಎಲ್.ಇ.ಡಿ.ಗೆ ಗರಿಷ್ಠ ಎಷ್ಟು?
4. ನೂರಕ್ಕೆ ಎಷ್ಟರವರೆಗೆ ಇಳಿಯುತ್ತದೆ? ಇಳಿದಾಗ ಮಿನುಗುತ್ತದೆಯೇ?
5. ಮಾನಕ ಬ್ಯೂರೋದ ನೋಂದಣಿ ಸಂಖ್ಯೆ ಇದೆಯೇ? ಐಸೊಲೇಷನ್ ಇದೆಯೇ?
6. ವೋಲ್ಟೇಜ್ ವ್ಯಾಪ್ತಿ, ಸರ್ಜ್ ಶಕ್ತಿ, ಉಷ್ಣತೆಯ ಮಿತಿ ಎಷ್ಟು?
7. ಎರಡು ವರ್ಷದ ನಂತರ ಕೆಟ್ಟರೆ ಇದೇ ಡ್ರೈವರ್ ಸಿಗುತ್ತದೆಯೇ?

ಎಲ್ಲಕ್ಕಿಂತ ಮಿಗಿಲಾಗಿ, ಇಪ್ಪತ್ತು ದೀಪ ಕೊಳ್ಳುವ ಮುನ್ನ ಒಂದು ದೀಪ, ಒಂದು ಡ್ರೈವರ್, ಒಂದು ಡಿಮ್ಮರ್ ತಂದು ಮೇಜಿನ ಮೇಲೆ ಜೋಡಿಸಿ ಒಂದು ಸಂಜೆಯಿಡೀ ಉರಿಸಿ ನೋಡಿ. ಕನಿಷ್ಠ ಹೊರೆ ಮುಟ್ಟುವಷ್ಟು ದೀಪಗಳು ಬೇಕಿದ್ದರೆ ಅಷ್ಟನ್ನು ಮಾತ್ರ ತನ್ನಿ. ಸೀಲಿಂಗ್ ಮುಚ್ಚುವ ಮೊದಲು ಈ ಕೆಲಸ ಆಗಬೇಕು. ಮುಚ್ಚಿದ ಮೇಲೆ ಡ್ರೈವರ್ ಬದಲಿಸಲು ಜಿಪ್ಸಮ್ ಒಡೆದು, ಪುಟ್ಟಿ ಬಳಿದು, ಮತ್ತೆ ಬಣ್ಣ ಹಚ್ಚಬೇಕಾಗುತ್ತದೆ. ಆಗ ಅಂಗಡಿಯವರು ಡಿಮ್ಮರ್ ಸರಿಯಿಲ್ಲ ಎನ್ನುತ್ತಾರೆ, ಡಿಮ್ಮರ್ ಮಾರಿದವರು ದೀಪ ಸರಿಯಿಲ್ಲ ಎನ್ನುತ್ತಾರೆ, ಇಬ್ಬರೂ ಸೇರಿ ಎಲೆಕ್ಟ್ರಿಷಿಯನ್‌ನ ವಯರಿಂಗ್ ಸರಿಯಿಲ್ಲ ಎನ್ನುತ್ತಾರೆ. ಹಣ ಕಳೆದುಕೊಳ್ಳುವುದು ಮನೆಯವರು. ಹೆಸರು ಕೆಡಿಸಿಕೊಳ್ಳುವುದು ಆ ಬಡ ಕೆಲಸಗಾರ.

ವಿದ್ಯಾರ್ಥಿಗಳಿಗೆ ಒಂದು ಮಾತು

ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ವೃತ್ತಿ ಕಲಿಯುತ್ತಿರುವ ತಮ್ಮಂದಿರೇ, ಸ್ವಿಚ್ ಜೋಡಿಸುವುದು, ಪೈಪಿನಲ್ಲಿ ತಂತಿ ಎಳೆಯುವುದು ಎಲ್ಲರಿಗೂ ಬರುತ್ತದೆ. ಡ್ರೈವರ್‌ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಲೆಕ್ಕ ಹಾಕಿ, "ಈ ದೀಪಕ್ಕೆ ಇದು ಹೊಂದುವುದಿಲ್ಲ" ಎಂದು ಕೊಳ್ಳುವ ಮೊದಲೇ ಹೇಳಬಲ್ಲವರು ಕಡಿಮೆ. ಅಂಥವರನ್ನು ಜನ ಹುಡುಕಿಕೊಂಡು ಬರುತ್ತಾರೆ, ಹೇಳಿದ ಕೂಲಿ ಕೊಡುತ್ತಾರೆ. ನಿಮ್ಮಲ್ಲಿ ಕೆಲವರು ನಾಳೆ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ದುಡಿಯಲು ಹೋಗಬಹುದು. ಅಲ್ಲಿನ ದೊಡ್ಡ ಕಟ್ಟಡಗಳಲ್ಲಿ ಡಾಲಿ ವ್ಯವಸ್ಥೆ ತಿಳಿದವರಿಗೂ ತಿಳಿಯದವರಿಗೂ ಸಂಬಳದಲ್ಲಿ ವ್ಯತ್ಯಾಸವಿದೆ. ನಿಮ್ಮ ಪಠ್ಯದಲ್ಲಿರುವ ಓಮ್‌ನ ನಿಯಮ, ವ್ಯಾಟ್ ಲೆಕ್ಕ, ಅಲೆಯ ಚಿತ್ರ ಇಷ್ಟೇ ಇದಕ್ಕೆಲ್ಲ ತಳಹದಿ. ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡದೆ ಅರ್ಥ ಮಾಡಿಕೊಂಡು ಓದಿ.

ತಾಯಂದಿರಲ್ಲಿ ಒಂದು ವಿನಂತಿ. ಮನೆಯಲ್ಲಿ ದೀಪವನ್ನು ಹೆಚ್ಚು ಹೊತ್ತು ಬಳಸುವವರು ನೀವು. ದೀಪ ಕೊಳ್ಳುವ ದಿನ ನೀವೂ ಅಂಗಡಿಗೆ ಹೋಗಿ, ಆ ಏಳು ಪ್ರಶ್ನೆಗಳನ್ನು ಕೇಳಿ. ಉತ್ತರ ಗೊತ್ತಿರುವ ಅಂಗಡಿಯಿಂದಲೇ ಕೊಳ್ಳಿ.